ಕೆಮ್ಮಣ್ಣು ಬಿಳಿಚಿಕೊಂಡರೆ ಕೆಳಗೆ ಗ್ಯಾಸ್ ಇದೆಯೇ?

ಕಳೆದ ಶ್ರಾವಣದಲ್ಲಿ ಮೂಡಿಗೆರೆ ಹತ್ತಿರ ಭಾವನ ಮನೆಗೆ ಹೋಗಿದ್ದೆ. ಗದ್ದೆ ತೋರಿಸಲು ಕರೆದುಕೊಂಡು ಹೋದವರು ಬಸಿಗಾಲುವೆ ಹತ್ತಿರ ನಿಂತುಬಿಟ್ಟರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪೊರೆ.

"ಎಣ್ಣೆ ಕಣಯ್ಯಾ! ಕೆಳಗೆ ಗ್ಯಾಸ್ ಇರ್ಬೇಕು. ಸ್ಯಾಟಲೈಟಲ್ಲಿ ಒಂದ್ಸಲ ನೋಡಿದ್ರೆ ಗೊತ್ತಾಗಲ್ವಾ?"

ನಾನು ಕಡ್ಡಿಯಿಂದ ಚುಚ್ಚಿದೆ. ಪೊರೆ ಬಳೆಚೂರಿನಂತೆ ಒಡೆದು ಹಾಗೇ ತೇಲಿತು. ಎಣ್ಣೆಯಾಗಿದ್ದರೆ ಸಾರಿನ ಮೇಲಿನ ಒಗ್ಗರಣೆ ಎಣ್ಣೆಯಂತೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣ ಮತ್ತು ಬ್ಯಾಕ್ಟೀರಿಯಾ ಸೇರಿ ಮಾಡಿದ ಪೊರೆ. ಭಾವನ ಮುಖ ಸಪ್ಪಗಾಯಿತು. ತಮಾಷೆ ಏನು ಗೊತ್ತಾ? ಸ್ಯಾಟಲೈಟ್ ಚಿತ್ರದಲ್ಲಿ ನಿಜವಾಗಿ ಗ್ಯಾಸಿನ ಸುಳಿವು ಹುಡುಕುವವರೂ ನೋಡುವುದು ಇದೇ ಕಬ್ಬಿಣವನ್ನು.

ಸ್ಯಾಟಲೈಟ್ ಫೋಟೋ ಎಂದರೆ ಭೂಮಿಯ ಎಕ್ಸ್‌ರೇ ಎಂದು ಜಾಸ್ತಿ ಜನ ನಂಬಿದ್ದಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಜಾಗ ತೋರಿಸುವವರನ್ನು ನಂಬಿದ ಹಾಗೆಯೇ. ಆ ಕ್ಯಾಮೆರಾಗೆ ಕಾಣುವುದು ನೆಲದ ಚರ್ಮ ಮಾತ್ರ. ನೆಲದ ಚಿತ್ರ ತೆಗೆಯುವ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಮೇಲೆ ಸುತ್ತುತ್ತವೆ. 1972ರಲ್ಲಿ ಹಾರಿದ ಅಮೆರಿಕದ ಲ್ಯಾಂಡ್‌ಸ್ಯಾಟ್, 1988ರ ನಮ್ಮ ಐಆರ್‌ಎಸ್-1ಎ ಇಂಥವು.

ಹಾಗಾದರೆ ಚರ್ಮ ನೋಡಿ ಹೊಟ್ಟೆಯೊಳಗಿನದು ತಿಳಿಯುವುದು ಹೇಗೆ?

ಎರಡು ಮೂರು ಕಿ.ಮೀ. ಆಳದ ಗ್ಯಾಸಿನ ಮೇಲೆ ಕಲ್ಲಿನ ಮುಚ್ಚಳ ಇರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಂತೆ ಅದೂ ಪೂರ್ತಿ ಬಿಗಿಯಲ್ಲ. ಸೋರಿಕೆ ಜೋರಾಗಿದ್ದ ಕಡೆ ಜನ ಗುಡಿಯನ್ನೇ ಕಟ್ಟಿದರು. ಅಜರ್‌ಬೈಜಾನ್ ದೇಶದ ಬಾಕು ಹತ್ತಿರದ ಅತೇಷ್‌ಗಾಹ್ ಎಂಬ ಗುಡಿಯಲ್ಲಿ ನೆಲದಿಂದ ಏಳುವ ಬೆಂಕಿಗೆ ಕೈಮುಗಿದ ಭಾರತೀಯ ವ್ಯಾಪಾರಿಗಳು ಕಲ್ಲಿನ ಮೇಲೆ ಗಣೇಶನಿಗೆ ನಮಸ್ಕಾರ ಕೆತ್ತಿಸಿದ್ದಾರೆ. ಈಗ ಅಲ್ಲಿ ಉರಿಯುವುದು ಪೈಪಿನ ಗ್ಯಾಸ್!

ಉಳಿದ ಕಡೆ ಸೋರಿಕೆ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಸಿಲಿಂಡರ್‌ನ ಆ ಕೆಟ್ಟ ವಾಸನೆ ನಾವು ಬೇಕೆಂದೇ ಬೆರೆಸಿದ್ದು. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಈ ಗ್ಯಾಸ್ ಹಬ್ಬದೂಟ. ತಿನ್ನುತ್ತಾ ತಿನ್ನುತ್ತಾ ಸುತ್ತಲಿನ ಆಕ್ಸಿಜನ್ ಖಾಲಿ ಮಾಡುತ್ತವೆ. ಆಗ ಬೇರೆ ಬ್ಯಾಕ್ಟೀರಿಯಾಗಳು ತುಕ್ಕಿಗೆ ಕೈಹಾಕುತ್ತವೆ. ಕೆಮ್ಮಣ್ಣಿನ ಕೆಂಪು ಅಂದರೆ ತುಕ್ಕೇ ಅಲ್ವಾ? ತುಕ್ಕು ಕರಗಿ ನೀರಿನ ಜೊತೆ ಹರಿದುಹೋಗುತ್ತದೆ, ಮಣ್ಣು ಬಿಳಿಚಿಕೊಳ್ಳುತ್ತದೆ. ಪಂಚೆಗೆ ಹತ್ತಿದ ತುಕ್ಕಿನ ಕಲೆಗೆ ನಿಂಬೆಹುಳಿ ಉಜ್ಜಿದ ಹಾಗೆ. ನಂಬಿಕೆ ಬರದಿದ್ದರೆ ಗದ್ದೆಯಲ್ಲಿ ನಿಂತ ಒಂದು ಭತ್ತದ ಬುಡ ಕಿತ್ತು ನೋಡಿ. ನೀರು ನಿಂತು ಗಾಳಿ ಸಿಗದ ಕೆಸರು ಬೂದಿ ಬಣ್ಣ. ಬೇರು ಮಾತ್ರ ಕೆಂಪು, ಯಾಕೆಂದರೆ ಭತ್ತ ತನ್ನ ದಂಟಿನೊಳಗಿಂದಲೇ ಬೇರಿಗೆ ಗಾಳಿ ಇಳಿಸುತ್ತದೆ, ಅಲ್ಲಿ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಬಸಿಗಾಲುವೆಯ ಪೊರೆಯೂ ಇದೇ ಕಥೆ. ಕರಗಿದ ಕಬ್ಬಿಣ ಹೊರಗೆ ಬಂದು ಗಾಳಿ ಕಂಡಿತು, ಅಷ್ಟೇ.

ತುಕ್ಕು ನೀಲಿ ಬೆಳಕನ್ನು ನುಂಗಿ ಕೆಂಪನ್ನು ವಾಪಸ್ ಎಸೆಯುತ್ತದೆ. ಹಾಗಾಗಿ ಚಿತ್ರದ ಕೆಂಪನ್ನು ನೀಲಿಯಿಂದ ಭಾಗಿಸಿದರೆ ತುಕ್ಕು ಎಲ್ಲಿ ಖಾಲಿಯಾಗಿದೆ ಎಂದು ತಿಳಿಯುತ್ತದೆ. ಅಮೆರಿಕದ ಯೂಟಾದ ಲಿಸ್ಬನ್ ಕಣಿವೆಯಲ್ಲಿ ಕೆಂಪು ಮರಳುಗಲ್ಲು ಹೀಗೆ ಬಿಳಿಚಿರುವುದು ಪ್ರಸಿದ್ಧ. ವೆಸ್ಟ್ ವರ್ಜೀನಿಯಾದ ಲಾಸ್ಟ್ ರಿವರ್ ಗ್ಯಾಸ್ ಕ್ಷೇತ್ರದ ಮೇಲೆ, ಹೀಗೆ ಆಕ್ಸಿಜನ್ ಕಳೆದುಕೊಂಡ ಮಣ್ಣಿನಲ್ಲಿ, ಓಕ್ ಕಾಡಿನ ನಡುವೆ ಮೇಪಲ್ ಮರಗಳು ಗುಂಪು ಕಟ್ಟಿರುವುದನ್ನೂ ಮೇಲಿನಿಂದಲೇ ಗುರುತಿಸಿದರು. ನಮ್ಮ ಮಲೆನಾಡಿನಲ್ಲಿ ಈ ಆಟ ನಡೆಯದು. ಮೇಲೆ ಮೋಡ, ಅದರ ಕೆಳಗೆ ಕಾಫಿ ತೋಟದ ನೆರಳಿನ ಮರ. ಮಣ್ಣು ಕಂಡರೆ ತಾನೇ?

ಕಂಡರೂ ಸಾಲದು. ಕೆರೆ, ಗದ್ದೆ ಕೂಡ ಮಣ್ಣನ್ನು ಬಿಳಿಚಿಸುತ್ತವೆ. ಅದಕ್ಕೇ ಮಣ್ಣು ಅಗೆಯಬೇಕು. ಒಂದೆರಡು ಮೀಟರ್ ಆಳದ ಮಣ್ಣು ತಂದು, ಲ್ಯಾಬಿನಲ್ಲಿ ಆಸಿಡ್ ಹಾಕಿ, ಕಣಗಳಿಗೆ ಅಂಟಿಕೊಂಡ ಗ್ಯಾಸ್ ಬಿಡಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು (ಎನ್‌ಜಿಆರ್‌ಐ) ಇದನ್ನು ಮಾಡುತ್ತಾರೆ. ಬರೀ ಮೀಥೇನ್ ಸಿಕ್ಕರೆ ಹಿಗ್ಗಬೇಕಿಲ್ಲ. ಗೋಬರ್ ಗ್ಯಾಸ್‌ನಲ್ಲೂ ಅದೇ, ಕೆರೆಯ ಕೆಸರಿನ ಗುಳ್ಳೆಯಲ್ಲೂ ಅದೇ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ, ಸರೋವರವೊಂದರ ಕೆಸರು ಕೆದಕಿ ಹಿಡಿದದ್ದು ಈ ಗುಳ್ಳೆಯನ್ನೇ. ನಮ್ಮಜ್ಜಿಯ ಕೊಳ್ಳಿದೆವ್ವದ ಹಿಂದೆಯೂ ಇದೇ ಇರಬೇಕು ಎಂದು ನನ್ನ ಗುಮಾನಿ. ಜೊತೆಗೆ ಈಥೇನ್, ಪ್ರೊಪೇನ್ ಕೂಡ ಚೆನ್ನಾಗಿ ಸಿಕ್ಕರೆ ಮಾತ್ರ ಆಳದಲ್ಲಿ ಬೆಂದ ಗ್ಯಾಸ್ ಎಂದು ನಂಬಬಹುದು. ಕೆರೆಯ ಬ್ಯಾಕ್ಟೀರಿಯಾಗಳಿಗೆ ಅವನ್ನು ಅಷ್ಟೊಂದು ಮಾಡಲು ಬರುವುದಿಲ್ಲ.

"ಹಾಗಾದ್ರೆ ನಮ್ಮ ಮಣ್ಣೂ ಕಳಿಸೋಣ" ಎಂದರು ಭಾವ. ಗ್ಯಾಸ್ ಆಗಲು ಹಳೆಯ ಜೀವಿಗಳ ಉಳಿಕೆ ಕೆಸರಿನಲ್ಲಿ ಹೂತು, ಪದರದ ಮೇಲೆ ಪದರ ಬಿದ್ದು, ಹದವಾಗಿ ಬೇಯಬೇಕು. ಈ ಕಡೆಯ ಕಲ್ಲು ತೀರಾ ಹಳೆಯದು. ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಸುತ್ತಲದು 300 ಕೋಟಿ ವರ್ಷಕ್ಕೂ ಹಳೆಯದು, ಬೆಂದು ಬೆಂದು ಗಟ್ಟಿಯಾದದ್ದು. ಇಲ್ಲಿ ಹುಡುಕುವುದು ಸುಮ್ನೆ ದಂಡ ಎಂದೆ. ಹಾಸನದ ಮೇಲೆ ಹಾದುಹೋಗುವ ಪೈಪ್‌ಲೈನ್ ನೆನಪಿಸಿದರು. ಅದು ಮಂಗಳೂರಿನಿಂದ ಬರುವ ಮಾಲು.

ಭಾವ ನನ್ನ ಕೈಯಿಂದ ಕಡ್ಡಿ ಇಸಿದುಕೊಂಡು ಮುಂದಿನ ಹೊಂಡದ ಪೊರೆ ಚುಚ್ಚಿದರು. ಚೂರಾಯಿತು. ಅದರಾಚೆಯದನ್ನು ಚುಚ್ಚಿದರು. ಅದು ಒಡೆಯಲಿಲ್ಲ, ಸುತ್ತಿ ಬಂದು ಕೂಡಿಕೊಂಡಿತು. ಭಾವನ ಕಣ್ಣು ಅರಳಿತು. ಆಮೇಲೆ ಇಬ್ಬರೂ ತಲೆಯೆತ್ತಿ ನೋಡಿದೆವು. ಬದುವಿನ ಮೇಲೆ ಅವರದೇ ಟಿಲ್ಲರ್ ನಿಂತಿತ್ತು, ಡೀಸೆಲ್ ತೊಟ್ಟಿಕ್ಕುತ್ತಾ.