ಸಮುದ್ರದ ತೈಲ ಸೋರಿಕೆ ಮತ್ತು ರಿಮೋಟ್ ಸೆನ್ಸಿಂಗ್: ಕಪ್ಪು ಮಚ್ಚೆಯನ್ನು ಓದುವುದು ಹೇಗೆ?

ಈ ಪಾಠದಲ್ಲಿ ಮೊದಲು ತಲೆಗೆ ಹೋಗಬೇಕಾದ ಮಾತು ಒಂದೇ. ರಾಡಾರ್ ಉಪಗ್ರಹಕ್ಕೆ ಎಣ್ಣೆ ನೇರವಾಗಿ ಕಾಣುವುದಿಲ್ಲ. ಅದು ನೋಡುವುದು ನೀರಿನ ಮೇಲಿನ ಸಣ್ಣ ಸಣ್ಣ ಅಲೆಗಳನ್ನು. ಎಣ್ಣೆ ಹರಡಿದ ಕಡೆ ಆ ಅಲೆಗಳು ಅಡಗುತ್ತವೆ, ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ. ಸಂವೇದಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಬಹುದು. ಆದರೆ ನಿಜವಾದ ಚಿತ್ರ ಒಂದನ್ನು ಮುಂದಿಟ್ಟಾಗ ಕೈ ಹಿಡಿಯುವುದು ಈ ಒಂದು ಮಾತೇ.

ರಾಡಾರ್ ಏನು ಮಾಡುತ್ತದೆ?

ಇಲ್ಲಿ ರಾಡಾರ್ ಅಂದರೆ ಸಿಂಥೆಟಿಕ್ ಅಪರ್ಚರ್ ರಾಡಾರ್. ಎಲ್ಲರೂ 'ಸಾರ್' ಎಂದೇ ಕರೆಯುತ್ತಾರೆ. ಇದು ಮೈಕ್ರೋವೇವ್ ತರಂಗಗಳನ್ನು ಓರೆಯಾಗಿ ಕೆಳಗೆ ಕಳಿಸುತ್ತದೆ. ಹಗಲು, ರಾತ್ರಿ, ಮೋಡ ಯಾವುದೂ ಇದಕ್ಕೆ ಅಡ್ಡಿಯಲ್ಲ. ಹಡಗು ಅಪಘಾತಗಳು ಕೆಟ್ಟ ಹವೆಯಲ್ಲೂ ಆಗುತ್ತವೆ ಅಲ್ವಾ? ಹಾಗಾಗಿ ಈ ಗುಣಕ್ಕೆ ಬೆಲೆ ಹೆಚ್ಚು.

ನೀರು ಪೂರ್ತಿ ನಯವಾಗಿದ್ದರೆ ಓರೆಯಾಗಿ ಬಂದ ತರಂಗ ಮುಂದಕ್ಕೆ ಚಿಮ್ಮಿ ಹೋಗುತ್ತದೆ, ಉಪಗ್ರಹದ ಕಡೆಗೆ ಏನೂ ವಾಪಸ್ ಬರುವುದಿಲ್ಲ. ಗಾಳಿ ಎಬ್ಬಿಸುವ ಕೆಲವೇ ಸೆಂಟಿಮೀಟರ್ ಉದ್ದದ ಅಲೆಗಳು ಇದ್ದಾಗ ಮಾತ್ರ ಸಂಕೇತ ಹಿಂದಿರುಗುತ್ತದೆ. ಇದನ್ನು ಬ್ರಾಗ್ ಚದುರುವಿಕೆ ಎನ್ನುತ್ತಾರೆ. ಯಾವ ಉದ್ದದ ಅಲೆ ಎಂದು ಲೆಕ್ಕ ಹಾಕುವುದು ಸುಲಭ. ರಾಡಾರ್‌ನ ತರಂಗಾಂತರವನ್ನು, ಪತನ ಕೋನದ (ತರಂಗ ಲಂಬದಿಂದ ಎಷ್ಟು ಓರೆಯಾಗಿ ಬೀಳುತ್ತದೆ ಎಂಬ ಕೋನ) ಸೈನ್ ಬೆಲೆಯ ಎರಡರಷ್ಟರಿಂದ ಭಾಗಿಸಿ. ಯುರೋಪಿನ ಸಾರ್ ಉಪಗ್ರಹ ಸೆಂಟಿನೆಲ್-1ರ ತರಂಗಾಂತರ ಸುಮಾರು 5.5 ಸೆಂ.ಮೀ. ಕೋನ 30 ಡಿಗ್ರಿ ಇದ್ದರೆ ಸೈನ್ ಬೆಲೆ 0.5. ಅದರ ಎರಡರಷ್ಟು 1. ಅಂದರೆ ಅಲೆಯ ಉದ್ದವೂ 5.5 ಸೆಂ.ಮೀ. ಕೋನ 45 ಡಿಗ್ರಿ ಆದರೆ ಸುಮಾರು 3.9 ಸೆಂ.ಮೀ.

ಎಣ್ಣೆ ಈ ಪುಟ್ಟ ಅಲೆಗಳನ್ನೇ ಹೊಡೆದು ಹಾಕುತ್ತದೆ. ಅಲೆ ಏಳುವಾಗ, ಬೀಳುವಾಗ ಎಣ್ಣೆಯ ಪದರ ಹಿಗ್ಗಿ ಕುಗ್ಗುತ್ತದೆ. ಅದರಿಂದ ಮೇಲ್ಮೈ ಎಳೆತ ಒಂದೊಂದು ಕಡೆ ಒಂದೊಂದು ಥರ ಆಗಿ, ಅಲೆಯ ಶಕ್ತಿ ಕರಗುತ್ತದೆ. ಇದೇ ಮರಂಗೋನಿ ಪರಿಣಾಮ. ಇದಕ್ಕೆ ಪದರ ದಪ್ಪ ಇರಬೇಕೆಂದೇನೂ ಇಲ್ಲ. ತೆಳ್ಳಗಿನ ಪೊರೆ ಸಾಕು. ಈ ಮಾತು ನೆನಪಿರಲಿ, ಮುಂದೆ ಇದರಿಂದಲೇ ತೊಂದರೆ ಶುರುವಾಗುತ್ತದೆ.

ಚಿತ್ರ ಕೈಗೆ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಆ ಹೊತ್ತಿನಲ್ಲಿ ಗಾಳಿ ಎಷ್ಟಿತ್ತು? ಸೆಕೆಂಡಿಗೆ 2ರಿಂದ 3 ಮೀಟರ್‌ಗಿಂತ ಕಡಿಮೆ ಇದ್ದರೆ ಅಲೆಗಳೇ ಏಳುವುದಿಲ್ಲ, ಸಮುದ್ರವೆಲ್ಲ ಕಪ್ಪು. ಸೆಕೆಂಡಿಗೆ 10ರಿಂದ 12 ಮೀಟರ್ ದಾಟಿದರೆ ಎಣ್ಣೆ ನೀರಿನೊಳಗೆ ಕಲಸಿಹೋಗುತ್ತದೆ, ಕಪ್ಪು-ಬಿಳುಪಿನ ವ್ಯತ್ಯಾಸ ಅಳಿಸಿಹೋಗುತ್ತದೆ. ದಪ್ಪ ಎಣ್ಣೆಯಾದರೆ ಇನ್ನೂ ಸ್ವಲ್ಪ ತಡೆಯಬಹುದು. ಇವೆರಡರ ನಡುವಿನ ಗಾಳಿಯಲ್ಲಿ ಮಾತ್ರ ಚಿತ್ರವನ್ನು ನಂಬಬಹುದು.

ಧ್ರುವೀಕರಣದ, ಅಂದರೆ ತರಂಗ ಕಂಪಿಸುವ ದಿಕ್ಕಿನ ಬಗ್ಗೆ ಒಂದೇ ಸಾಲು. ಸಮುದ್ರದಿಂದ ಹೆಚ್ಚು ಸಂಕೇತ ಮರಳುವುದು ವಿವಿ ಬ್ಯಾಂಡಿನಲ್ಲಿ (ಲಂಬ ದಿಕ್ಕಿನಲ್ಲಿ ಕಳಿಸಿ, ಲಂಬ ದಿಕ್ಕಿನಲ್ಲೇ ಪಡೆಯುವುದು), ಆದ್ದರಿಂದ ಎಣ್ಣೆ ಹುಡುಕಲು ಅದನ್ನೇ ಬಳಸುತ್ತಾರೆ.

ಎಣ್ಣೆಯಂತೆ ಕಾಣುವ ವೇಷಧಾರಿಗಳು

ಅಲೆಯನ್ನು ಅಡಗಿಸುವುದು ಎಣ್ಣೆಯೊಂದೇ ಅಲ್ಲ. ಪಾಚಿ, ಮೀನು, ಪ್ಲಾಂಕ್ಟನ್ ಬಿಡುವ ಜಿಡ್ಡು ಕೂಡ ಹಾಗೇ ಮಾಡುತ್ತದೆ. ಬೆಟ್ಟದ ಮರೆಯಲ್ಲಿ ಗಾಳಿ ತಗಲದ ನೀರು, ಮಳೆ ಸುರಿಯುವ ಜಾಗ, ಆಳದಿಂದ ತಣ್ಣೀರು ಮೇಲೇಳುವ ಜಾಗ, ನೀರಿನೊಳಗೇ ಸಾಗುವ ಒಳ ಅಲೆಗಳು, ಚಳಿ ದೇಶಗಳಲ್ಲಿ ಆಗತಾನೇ ಹೆಪ್ಪುಗಟ್ಟುವ ತೆಳು ಮಂಜುಗಡ್ಡೆ, ಇವೆಲ್ಲ ಕಪ್ಪಾಗಿಯೇ ಕಾಣುತ್ತವೆ. ಸಮುದ್ರತಳದ ಬಿರುಕುಗಳಿಂದ ತಾನಾಗೇ ಒಸರುವ ಎಣ್ಣೆಯ ಕಥೆ ಬೇರೆ. ಅದು ನಿಜವಾದ ಎಣ್ಣೆಯೇ, ಆದರೆ ಯಾವ ಹಡಗಿನ ತಪ್ಪೂ ಅಲ್ಲ. ಮತ್ತೆ ಮತ್ತೆ ಅದೇ ಜಾಗದಲ್ಲಿ ಮಚ್ಚೆ ಕಂಡರೆ ಈ ಗುಮಾನಿ ಇಟ್ಟುಕೊಳ್ಳಿ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಆಕಾರ, ಅಂಚು, ಸುತ್ತಮುತ್ತ, ಈ ಮೂರನ್ನು ನೋಡಬೇಕು. ಚಲಿಸುವ ಹಡಗು ಸುರಿದ ಎಣ್ಣೆ ಉದ್ದನೆಯ ಗೆರೆಯಾಗಿರುತ್ತದೆ. ಕೆಲವೊಮ್ಮೆ ತುದಿಯಲ್ಲಿ ಹಡಗೇ ಬಿಳಿ ಚುಕ್ಕೆಯಾಗಿ ಸಿಕ್ಕಿಬೀಳುತ್ತದೆ. ಹಳೆಯ ಗೆರೆ ಗಾಳಿ, ಪ್ರವಾಹಕ್ಕೆ ಸಿಕ್ಕಿ ಬಾಗಿರುತ್ತದೆ, ಒಂದು ಬದಿಯ ಅಂಚು ಗರಿಯಂತೆ ಕೆದರಿರುತ್ತದೆ. ಜೈವಿಕ ಜಿಡ್ಡು ಸುರುಳಿ ಸುರುಳಿಯಾಗಿ, ತೆಳು ಎಳೆಗಳಾಗಿ ಹರಡಿರುತ್ತದೆ, ಗಾಳಿ ಸ್ವಲ್ಪ ಜೋರಾದರೆ ಮಾಯ. ಗಾಳಿ ಇಲ್ಲದ ಜಾಗ ಅಗಲವಾಗಿ, ಮಸುಕು ಅಂಚಿನ ಜೊತೆ ಇರುತ್ತದೆ. ಇವು ಸುಳಿವುಗಳು ಮಾತ್ರ. ಹಳೆಯ ತೈಲ ಗೆರೆಯೂ ಜಿಡ್ಡಿನ ಸುರುಳಿಯಂತೆ ಕಾಣುವುದುಂಟು.

ಉದಾಹರಣೆಗಳನ್ನು ನೋಡಿ ಕಲಿಯುವ ಯು-ನೆಟ್ ಥರದ ಡೀಪ್ ಲರ್ನಿಂಗ್ ಕಂಪ್ಯೂಟರ್ ಮಾದರಿಗಳು ಈ ಕೆಲಸವನ್ನು ಈಗ ವೇಗವಾಗಿ ಮಾಡುತ್ತವೆ. ಆದರೂ ತರಬೇತಿಗೆ ಕೊಟ್ಟ ಚಿತ್ರದಲ್ಲಿ 'ಎಣ್ಣೆ' ಎಂದು ಗುರುತು ಹಾಕಿದ್ದು ಒಬ್ಬ ಮನುಷ್ಯ. ಅಲ್ಲಿಗೆ ಯಾರೂ ಹೋಗಿ ನೋಡಿರದಿದ್ದರೆ, ಆ ಮನುಷ್ಯನ ಊಹೆಯನ್ನೇ ಯಂತ್ರವೂ ಕಲಿಯುತ್ತದೆ. ಪ್ರಬಂಧಗಳಲ್ಲಿ ಶೇಕಡಾ ಲೆಕ್ಕದ ನಿಖರತೆ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಅಗಲ ನೋಡಿ ಮೋಸ ಹೋಗಬೇಡಿ

ನಿರ್ವಹಣೆಯ ಮಾತಿಗೆ ಬಂದರೆ ದಪ್ಪವೇ ಮುಖ್ಯ. ಲೆಕ್ಕ ಸರಳ: ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ದಪ್ಪದ ಎಣ್ಣೆ ಅಂದರೆ 1000 ಲೀಟರ್. ವಿಮಾನದಿಂದ ನೋಡುವವರು ಬಣ್ಣದ ಮೇಲೆ ದಪ್ಪ ಅಂದಾಜು ಮಾಡುತ್ತಾರೆ. ಅದಕ್ಕೆ ಬಾನ್ ಒಪ್ಪಂದದ (ಉತ್ತರ ಸಮುದ್ರದ ಮಾಲಿನ್ಯ ತಡೆಗೆ ಯುರೋಪಿನ ದೇಶಗಳು ಮಾಡಿಕೊಂಡದ್ದು) ಬಣ್ಣದ ಸಂಹಿತೆ ಇದೆ. ಬೆಳ್ಳಿಯಂಥ ಹೊಳಪು 0.04ರಿಂದ 0.3 ಮೈಕ್ರಾನ್. ಕಾಮನಬಿಲ್ಲಿನ ಬಣ್ಣ 5 ಮೈಕ್ರಾನ್‌ವರೆಗೆ. ಲೋಹದ ಹೊಳಪು 5ರಿಂದ 50. ಅಲ್ಲಲ್ಲಿ ಎಣ್ಣೆಯ ನಿಜಬಣ್ಣ ಕಂಡರೆ 50ರಿಂದ 200. ಎಲ್ಲೆಲ್ಲೂ ನಿಜಬಣ್ಣ ಇದ್ದರೆ 200ಕ್ಕೂ ಹೆಚ್ಚು.

ಈಗ ಹೋಲಿಸಿ ನೋಡಿ. 100 ಚದರ ಕಿ.ಮೀ. ಬೆಳ್ಳಿ ಹೊಳಪಿನಲ್ಲಿ ಇರುವ ಎಣ್ಣೆ 4,000ದಿಂದ 30,000 ಲೀಟರ್. ಬರೀ ಅರ್ಧ ಚದರ ಕಿ.ಮೀ. ದಟ್ಟ ಕಪ್ಪಿನಲ್ಲಿ 1,00,000 ಲೀಟರ್‌ಗೂ ಜಾಸ್ತಿ. ಸಾರ್ ಚಿತ್ರದಲ್ಲಿ ಎರಡೂ ಕಪ್ಪೇ! ಸುದ್ದಿಯಲ್ಲಿ 'ಇಷ್ಟು ಚದರ ಕಿಲೋಮೀಟರ್ ತೈಲ' ಎಂದು ಬಂದಾಗ ಸುಮ್ನೆ ಗಾಬರಿಯಾಗುವ ಮೊದಲು ಈ ಲೆಕ್ಕ ಮಾಡಿ. ಎಣ್ಣೆ ಬಾಚಿ ತೆಗೆಯುವ ಸ್ಕಿಮ್ಮರ್ ದೋಣಿಯನ್ನು ಹೊಳಪಿನ ಮೇಲೆ ಓಡಿಸಿ ಪ್ರಯೋಜನವಿಲ್ಲ. ಅಲ್ಲೇ ಸುಡುವ ವಿಧಾನಕ್ಕಂತೂ 2ರಿಂದ 3 ಮಿಲಿಮೀಟರ್ ದಪ್ಪ ಬೇಕು.

ದಪ್ಪ ತಿಳಿಯಲು ಬೇರೆ ಸಂವೇದಕಗಳ ಸಹಾಯ ಬೇಕು. ಥರ್ಮಲ್ ಇನ್‌ಫ್ರಾರೆಡ್‌ನಲ್ಲಿ ಹಗಲು ದಪ್ಪ ಎಣ್ಣೆ ಬಿಸಿಲು ಹೀರಿ ನೀರಿಗಿಂತ ಬೆಚ್ಚಗೆ ಕಾಣುತ್ತದೆ. ಮಧ್ಯಮ ದಪ್ಪದ್ದು ತಣ್ಣಗೆ ಕಾಣುತ್ತದೆ. ತೆಳುವಾದದ್ದು ಕಾಣುವುದೇ ಇಲ್ಲ. ರಾತ್ರಿ ದಪ್ಪ ಎಣ್ಣೆಯೇ ತಣ್ಣಗೆ ಕಾಣುತ್ತದೆ. ಅತಿ ತೆಳು ಪದರಕ್ಕೆ ಅಲ್ಟ್ರಾವಯೊಲೆಟ್. ಎಣ್ಣೆಯಲ್ಲಿನ ಹೈಡ್ರೋಕಾರ್ಬನ್‌ಗಳು 1.73 ಮತ್ತು 2.3 ಮೈಕ್ರಾನ್ ಸುತ್ತ ಬೆಳಕು ಹೀರುತ್ತವೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ನಾಸಾದ ವಿಮಾನದಲ್ಲಿದ್ದ, ಇಂಥ ಹೀರುವಿಕೆಯನ್ನು ಅಳೆಯುವ ಆವಿರಿಸ್ ಉಪಕರಣವನ್ನು ದಟ್ಟ ಎಣ್ಣೆ ಎಲ್ಲಿದೆ ಎಂದು ಹುಡುಕಲು ಬಳಸಿದ್ದರು. ಲೇಸರ್ ಫ್ಲೋರೋಸೆನ್ಸರ್ ಇನ್ನೂ ಖಚಿತ. ಲೇಸರ್ ಬಿದ್ದಾಗ ಎಣ್ಣೆ ತನ್ನದೇ ಬೆಳಕು ಸೂಸುತ್ತದೆ. ಪಾಚಿಯ ಬೆಳಕು 685 ನ್ಯಾನೋಮೀಟರ್ ಬಳಿ ಬೇರೆಯಾಗಿ ಗೊತ್ತಾಗುತ್ತದೆ. ಆದರೆ ವಿಮಾನ ತೀರಾ ಕೆಳಗೆ ಹಾರಬೇಕು, ಖರ್ಚೂ ಹೆಚ್ಚು.

ಮಾಮೂಲಿ ಬೆಳಕಿನ ಚಿತ್ರಗಳು ಪ್ರಯೋಜನವಿಲ್ಲ ಎಂದಲ್ಲ. ಸೂರ್ಯನ ಪ್ರತಿಫಲನ ಬೀಳುವ ಕಡೆ ಎಣ್ಣೆ ಚೆನ್ನಾಗಿ ಎದ್ದು ಕಾಣುತ್ತದೆ. ಅದೇ 2010ರ ಘಟನೆಯಲ್ಲಿ ನಾಸಾ ಉಪಗ್ರಹಗಳ ಮೋಡಿಸ್ ಸಂವೇದಕದ ಚಿತ್ರಗಳು ಹೀಗೇ ಹೆಸರಾದವು. ತಮಾಷೆ ಏನೆಂದರೆ, ನೋಡುವ ಕೋನ ಬದಲಾದರೆ ಅದೇ ಎಣ್ಣೆ ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ ಕಾಣುತ್ತದೆ.

ಪತ್ತೆಯಾದ ಮೇಲೆ

ಚಿತ್ರ ಬರುವ ಹೊತ್ತಿಗೆ ಎಣ್ಣೆ ಅಲ್ಲಿರುವುದಿಲ್ಲ. ಎಣ್ಣೆ ಪ್ರವಾಹದ ಜೊತೆ ಪೂರ್ತಿ ವೇಗದಲ್ಲಿ, ಗಾಳಿಯ ಜೊತೆ ಅದರ ವೇಗದ ಸುಮಾರು ಶೇ. 3ರಷ್ಟರಲ್ಲಿ ಸಾಗುತ್ತದೆ. ಸೆಕೆಂಡಿಗೆ 10 ಮೀಟರ್ ಗಾಳಿ ಇದ್ದರೆ 12 ಗಂಟೆಯಲ್ಲಿ ಗಾಳಿಯೊಂದರಿಂದಲೇ ಸುಮಾರು 13 ಕಿ.ಮೀ. ಇದಕ್ಕೇ ಅಮೆರಿಕದ ಸಾಗರ-ವಾತಾವರಣ ಸಂಸ್ಥೆ ನೋವಾದ ನೋಮ್‌ನಂಥ, ಎಣ್ಣೆಯ ದಾರಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಇರುವುದು. ಉಪಗ್ರಹ ಆರಂಭದ ಜಾಗ ಕೊಡುತ್ತದೆ, ಮಾದರಿ ನಾಳೆಯ ಜಾಗ ಹೇಳುತ್ತದೆ, ಮುಂದಿನ ಚಿತ್ರ ಬಂದಾಗ ಮಾದರಿಯನ್ನು ತಿದ್ದುತ್ತಾರೆ. ಅದರ ಮೇಲೆ ಕರಾವಳಿಯ ಸೂಕ್ಷ್ಮತೆಯ ನಕ್ಷೆ ಹಾಕಿದರೆ ಎಣ್ಣೆ ತಡೆಯುವ ತೇಲುವ ಬೇಲಿ, ಅಂದರೆ ಬೂಮ್ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಬಹುದು. ಆ ನಕ್ಷೆಯ 1ರಿಂದ 10ರ ಶ್ರೇಣಿಯಲ್ಲಿ ಅಲೆ ಬಡಿಯುವ ಬಂಡೆ 1, ಕಾಂಡ್ಲಾ (ಮ್ಯಾಂಗ್ರೋವ್) ಕಾಡು 10. ಬಂಡೆಯನ್ನು ಸಮುದ್ರವೇ ತೊಳೆಯುತ್ತದೆ. ಕಾಂಡ್ಲಾ ಬೇರುಗಳ ಕೆಸರಿಗೆ ಇಳಿದ ಎಣ್ಣೆ ವರ್ಷಗಟ್ಟಲೆ ಉಳಿಯುತ್ತದೆ.

ಇದೇ ಮಾದರಿಯನ್ನು ಹಿಂದಕ್ಕೂ ಓಡಿಸಬಹುದು. ಎಣ್ಣೆ ಎಲ್ಲಿಂದ ಹೊರಟಿತು ಎಂದು ತಿಳಿದು, ಆ ಹೊತ್ತಿಗೆ ಅಲ್ಲಿ ಸಾಗಿದ ಹಡಗುಗಳ ಎಐಎಸ್ (ಹಡಗು ತನ್ನ ಗುರುತು, ಜಾಗವನ್ನು ತಾನೇ ಪ್ರಸಾರ ಮಾಡುವ ವ್ಯವಸ್ಥೆ) ದಾಖಲೆ ತೆಗೆದರೆ ಶಂಕಿತರ ಪಟ್ಟಿ ಚಿಕ್ಕದಾಗುತ್ತದೆ. ಯುರೋಪಿನಲ್ಲಿ 2007ರಿಂದ ನಡೆಯುತ್ತಿರುವ ಕ್ಲೀನ್‌ಸೀನೆಟ್ ಸೇವೆ ಸಾರ್ ಚಿತ್ರ ಬಂದ ಅರ್ಧ ಗಂಟೆಯೊಳಗೆ ಆಯಾ ದೇಶಕ್ಕೆ ಎಚ್ಚರಿಕೆ ಕಳಿಸುವ ಗುರಿ ಇಟ್ಟುಕೊಂಡಿದೆ. ಬಳಿಕ ವಿಮಾನವೋ ಗಸ್ತು ಹಡಗೋ ಹೋಗಿ ಖಚಿತಪಡಿಸುತ್ತದೆ. ಎಣ್ಣೆಯ ಸ್ಯಾಂಪಲ್ ಸಿಕ್ಕರೆ ಅದರಲ್ಲಿನ ಹೋಪೇನ್‌ನಂಥ ರಾಸಾಯನಿಕ ಗುರುತುಗಳನ್ನು ಹಡಗಿನ ಟ್ಯಾಂಕಿನ ಎಣ್ಣೆಗೆ ತಾಳೆ ಹಾಕುತ್ತಾರೆ.

ಅಭ್ಯಾಸಕ್ಕೆ: ಸೆಂಟಿನೆಲ್-1 ಚಿತ್ರಗಳು ಉಚಿತ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್ ತಂತ್ರಾಂಶವೂ ಉಚಿತ, ಅದರಲ್ಲಿ ತೈಲ ಸೋರಿಕೆ ಪತ್ತೆಗೆಂದೇ ಒಂದು ಸಾಧನ ಇದೆ. ವಿವಿ ಬ್ಯಾಂಡ್ ಆರಿಸಿ, ಕ್ಯಾಲಿಬ್ರೇಟ್ ಮಾಡಿ (ಸಂಕೇತದ ಬೆಲೆಗಳನ್ನು ಸರಿಯಾದ ಅಳತೆಗೆ ತನ್ನಿ), ಸ್ಪೆಕಲ್ ಎಂಬ ಚುಕ್ಕೆ ಚುಕ್ಕೆ ಗದ್ದಲ ಕಡಿಮೆ ಮಾಡಿ, ನೆಲದ ಭಾಗ ಮುಚ್ಚಿ, ಆಮೇಲೆ ಅದನ್ನು ಓಡಿಸಿ. ಬೇಕೆಂದೇ ಗಾಳಿ ಕಡಿಮೆ ಇದ್ದ ದಿನದ ಚಿತ್ರವನ್ನೂ ಒಂದು ತೆಗೆದುಕೊಳ್ಳಿ. ಸಾಧನ ಎಷ್ಟು ಜಾಗವನ್ನು 'ಎಣ್ಣೆ' ಎಂದು ತೋರಿಸಿತು, ಅದರಲ್ಲಿ ಯಾವುದನ್ನು ನೀವು ತೆಗೆದುಹಾಕುತ್ತೀರಿ, ಯಾಕೆ ಎಂದು ಪಕ್ಕದಲ್ಲೇ ಬರೆದಿಡಿ.