ಓವರ್‌ಹೀಟ್ ದೀಪ ಹೊತ್ತಿದರೆ ಪೈಲಟ್ ಯಾಕೆ ತಕ್ಷಣ ಏನೂ ಮಾಡುವುದಿಲ್ಲ?

ವಿಮಾನ ನೆಲ ಬಿಟ್ಟು ಕೆಲವೇ ಸೆಕೆಂಡು ಆಗಿದೆ. ಎಂಜಿನ್ ಓವರ್‌ಹೀಟ್ ಅಂತ ಹಳದಿ ದೀಪ ಹೊತ್ತಿತು. ತಕ್ಷಣ ಆ ಎಂಜಿನ್ ಆಫ್ ಮಾಡಬೇಕು ಅಲ್ವಾ? ಖಂಡಿತ ಬೇಡ! ಸಾಮಾನ್ಯವಾಗಿ ನೆಲದಿಂದ ಕನಿಷ್ಠ 400 ಅಡಿ ಏರುವವರೆಗೆ ಪೈಲಟ್‌ಗಳು ಇಂಥ ದೋಷದ ಚೆಕ್‌ಲಿಸ್ಟ್ ಶುರುಮಾಡುವುದೇ ಇಲ್ಲ. ಚಕ್ರ ಮೇಲೆಳೆದು, ವೇಗ ನೋಡಿಕೊಂಡು, ಸುಮ್ನೆ ಏರುತ್ತಾರೆ. ಬಿಸಿಯಾದ ಎಂಜಿನ್ ಕೂಡ ಇನ್ನೂ ವಿಮಾನವನ್ನು ತಳ್ಳುತ್ತಲೇ ಇದೆ, ನೆಲ ಇಷ್ಟು ಹತ್ತಿರ ಇರುವಾಗ ಆ ಬಲ ಬಿಡುವಂಥದ್ದಲ್ಲ.

ಈ ದೀಪ ಎಂಜಿನ್ನಿನ ಒಳಗಿನ ಉರಿಯನ್ನು ಅಳೆಯುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಳಗೆ ಟರ್ಬೈನ್ (ಬಿಸಿ ಅನಿಲ ತಿರುಗಿಸುವ ಚಕ್ರ) ಬಾಯಲ್ಲಿ 1500 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಎಂಜಿನ್‌ಗಳಿಗೆ ಮಾಮೂಲು, ಅದನ್ನು ನೋಡಲು ಬೇರೆ ಮೀಟರ್ ಇದೆ. ದೀಪಕ್ಕೆ ಸುದ್ದಿ ಕೊಡುವುದು ಎಂಜಿನ್ನಿನ ಹೊರಮೈಗೂ ಅದರ ಮುಚ್ಚಳಕ್ಕೂ ನಡುವಿನ ಜಾಗದಲ್ಲಿ ಸುತ್ತಿಕೊಂಡಿರುವ ತೆಳ್ಳನೆಯ ಲೋಹದ ಕೊಳವೆ. ನನಗೆ ತುಂಬಾ ಇಷ್ಟವಾದ ಉಪಕರಣ ಇದು. ಒಂದು ಬಗೆಯಲ್ಲಿ ಕೊಳವೆಯೊಳಗೆ ಹೀಲಿಯಂ ತುಂಬಿರುತ್ತದೆ. ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಟ್ಯೂಬ್ ಬಿಗಿಯಾಗುತ್ತದಲ್ಲ, ಹಾಗೆ ಸುತ್ತಲೂ ಬಿಸಿ ಏರಿದರೆ ಒಳಗಿನ ಒತ್ತಡ ಏರಿ ಒಂದು ಸ್ವಿಚ್ ಕೂಡಿಕೊಂಡು ಎಚ್ಚರಿಕೆ ಕಳಿಸುತ್ತದೆ. ಒಂದೇ ಕಡೆ ಜ್ವಾಲೆ ತಾಗಿದರೆ? ಅದಕ್ಕೂ ದಾರಿ ಇದೆ. ಕೊಳವೆಯ ನಡುವಿನ ತಿರುಳು ಹೈಡ್ರೋಜನ್ ಹೀರಿಕೊಂಡ ವಸ್ತು, ಅಷ್ಟು ಜಾಗ ಕಾದರೂ ಸಾಕು, ಹೈಡ್ರೋಜನ್ ಬಿಟ್ಟು ಒತ್ತಡ ಏರಿಸುತ್ತದೆ. ಕೊಳವೆಯೇ ಒಡೆದು ಅನಿಲ ಸೋರಿದರೆ ಒತ್ತಡ ಇಳಿಯುತ್ತದೆ, ಆಗ ಇನ್ನೊಂದು ಸ್ವಿಚ್ ತೆರೆದುಕೊಂಡು 'ನಾನು ಕೆಟ್ಟಿದ್ದೇನೆ' ಅಂತ ತಿಳಿಸುತ್ತದೆ. ಸುಳ್ಳು ಎಚ್ಚರಿಕೆ ಬಾರದಿರಲಿ ಅಂತ ಇಂಥ ಕೊಳವೆಗಳನ್ನು ಜೋಡಿಯಾಗಿ ಹಾಕುತ್ತಾರೆ, ಮಾಮೂಲಾಗಿ ಎರಡೂ ಒಪ್ಪಿದರೆ ಮಾತ್ರ ದೀಪ.

ಆ ಜಾಗಕ್ಕೆ ಬಿಸಿ ಬರುವುದು ಎಲ್ಲಿಂದ? ಬೆಂಕಿಯೇ ಆಗಬೇಕಿಲ್ಲ. ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಬಿಸಿಗಾಳಿ ಒಯ್ಯುವ ಪೈಪ್ ಸೋರಿದರೂ ಸಾಕು. ಅದಕ್ಕೇ ಬೋಯಿಂಗ್ 737ರಂಥ ವಿಮಾನದಲ್ಲಿ ಮೊದಲು ಆಟೋಥ್ರಾಟಲ್ (ಎಂಜಿನ್ ಬಲವನ್ನು ತಾನೇ ಹೊಂದಿಸುವ ವ್ಯವಸ್ಥೆ) ಬಿಡಿಸಿ, ಆ ಎಂಜಿನ್ನಿನ ಥ್ರಸ್ಟ್ ಲಿವರನ್ನು, ಅಂದರೆ ಬಲ ಹೆಚ್ಚುಕಡಿಮೆ ಮಾಡುವ ಹಿಡಿಯನ್ನು, ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಬಲ ಇಳಿದರೆ ಆ ಗಾಳಿಯ ಒತ್ತಡವೂ ಬಿಸಿಯೂ ಇಳಿಯುತ್ತವೆ.

ಆದರೆ ಯಾವ ಲಿವರ್? 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ 737-400ರಲ್ಲಿ ಕೆಟ್ಟಿದ್ದು ಎಡ ಎಂಜಿನ್, ನಿಲ್ಲಿಸಿದ್ದು ಬಲ ಎಂಜಿನ್. ಆಟೋಥ್ರಾಟಲ್ ಬಿಡಿಸಿ ಬಲಗಡೆಯದನ್ನು ಇಳಿಸಿದ ಕೂಡಲೇ ಎಡಗಡೆಯ ಎಂಜಿನ್ನಿಗೂ ಇಂಧನ ಕಡಿಮೆಯಾಗಿ ಅದರ ನಡುಕ ತಗ್ಗಿತು, ತಾವು ಹಿಡಿದದ್ದೇ ಸರಿ ಅಂತ ಪೈಲಟ್‌ಗಳು ನಂಬಿಬಿಟ್ಟರು. 47 ಜನ ಸತ್ತರು. ಹಾಗಾಗಿ ಒಬ್ಬರು ಲಿವರ್ ಮೇಲೆ ಕೈಯಿಟ್ಟು ಯಾವುದು ಅಂತ ಹೇಳಿ, ಇನ್ನೊಬ್ಬರು ನೋಡಿ ಹೌದು ಅನ್ನುವವರೆಗೆ ಕೈ ಅಲುಗಿಸಬಾರದು ಅನ್ನುವ ಪದ್ಧತಿ ನನಗೆ ಯಾವ ಸೆನ್ಸರಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ದೀಪ ಆರಿತೇ? ಎಂಜಿನ್ನನ್ನು ಆ ಕಡಿಮೆ ಬಲದಲ್ಲೇ ಓಡಿಸಿಕೊಂಡು ಹೋಗುತ್ತಾರೆ. ಲಿವರ್ ಪೂರ್ತಿ ಹಿಂದೆ ಬಂದರೂ ಆರಲಿಲ್ಲವೇ? ಆಗ ಬೆಂಕಿಯ ಚೆಕ್‌ಲಿಸ್ಟ್: ಇಂಧನ ನಿಲ್ಲಿಸಿ, ಬೆಂಕಿ ಆರಿಸುವ ವ್ಯವಸ್ಥೆಯ ಫೈರ್ ಹ್ಯಾಂಡಲ್ ಎಳೆದು, ಉಳಿದೊಂದು ಎಂಜಿನ್ನಿನಲ್ಲಿ ಹತ್ತಿರದ ಅನುಕೂಲವಾದ ವಿಮಾನ ನಿಲ್ದಾಣಕ್ಕೆ ಇಳಿಯುವುದು.