ತೊಳೆದ ಕೊಡಲಿ, ಎಸೆದ ಎಲುಬು

ಐಹೊಳೆಯ ಹೊಳೆದಂಡೆಯಲ್ಲಿ ಕೊಡಲಿ ಆಕಾರದ ಬಂಡೆಯೊಂದಿದೆ. ಚಿಕ್ಕವನಿದ್ದಾಗ ಅದನ್ನು ನನಗೆ ತೋರಿಸಿದ್ದು ನಮ್ಮ ಆಯಿ. ಕ್ಷತ್ರಿಯರನ್ನು ಕೊಂದು ಬಂದ ಪರಶುರಾಮ ಇಲ್ಲಿ ಮಲಪ್ರಭೆಯಲ್ಲಿ ಕೊಡಲಿ ತೊಳೆದನಂತೆ. ನೀರೆಲ್ಲ ಕೆಂಪಾಯಿತು. ನೀರಿಗೆ ಬಂದಿದ್ದ ಹೆಣ್ಣುಮಗಳು ‘ಅಯ್ಯೋ ಹೊಳಿ!’ ಎಂದು ಚೀರಿದಳು. ಅದೇ ಊರಿಗೆ ಹೆಸರಾಯಿತು. ಕಥೆ ಮುಗಿಸಿ ಆಯಿ ಒಂದು ಮಾತು ಸೇರಿಸುತ್ತಿದ್ದಳು: ‘ಅಷ್ಟ ಮಂದೀನ ಕಡದಾಂವಗೂ ಕೊಡ್ಲಿ ತೊಳೀಬೇಕ ಅನ್ನಿಸ್ತ ನೋಡ ತಮ್ಮಾ.’

ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಕೆಂಪಿಗೆ ಕಾರಣ ಇಲ್ಲಿಯ ಮರಳುಗಲ್ಲಿನಲ್ಲಿ ಬೆರೆತ ಕಬ್ಬಿಣದ ಆಕ್ಸೈಡ್. ಇದೆಲ್ಲ ಆಮೇಲೆ ತಿಳಿಯಿತು. ಆದರೆ ಆಯಿಯ ಮಾತು ಮತ್ತೆ ನೆನಪಾದದ್ದು ಒಂದು ಇಂಗ್ಲಿಷ್ ಸಿನಿಮಾ ನೋಡುವಾಗ. 1968ರಲ್ಲಿ ತೆರೆಗೆ ಬಂದ ‘2001: ಎ ಸ್ಪೇಸ್ ಒಡಿಸ್ಸಿ’. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್. ಅವರ ಜೊತೆ ಕೂತು ಕಥೆ ಹೆಣೆದವರು ಶ್ರೀಲಂಕಾದಲ್ಲಿ ನೆಲೆಸಿದ್ದ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್.

ಸಿನಿಮಾ ಶುರುವಾಗುವುದು ಒಣ ಬಯಲಿನಲ್ಲಿ. ಹಸಿದ ವಾನರರ ಗುಂಪು. ಒಂದನ್ನು ಚಿರತೆ ಹಿಡಿಯುತ್ತದೆ. ನೀರಿನ ಹೊಂಡಕ್ಕಾಗಿ ಇನ್ನೊಂದು ಗುಂಪಿನ ಜೊತೆ ಜಗಳ. ಒಂದು ಬೆಳಗ್ಗೆ ಎದ್ದು ನೋಡಿದರೆ ಎದುರಿಗೆ ನುಣುಪಾದ ಕರಿ ಚಪ್ಪಡಿ ನಿಂತಿದೆ. ವಾನರರು ಹೆದರಿ ಹೆದರಿ ಅದನ್ನು ಮುಟ್ಟುತ್ತಾರೆ. ಆಮೇಲೆ ಅವರಲ್ಲೊಬ್ಬನಿಗೆ, ಬಿದ್ದ ಎಲುಬಿನಿಂದ ಹೊಡೆಯಬಹುದು ಎಂದು ಹೊಳೆಯುತ್ತದೆ. ಮೊದಲು ಬೇಟೆ. ನಂತರ ಹೊಂಡದ ಬಳಿ ತನ್ನಂಥವನದೇ ಕೊಲೆ. ಗೆದ್ದವನು ಎಲುಬನ್ನು ಮೇಲಕ್ಕೆ ಎಸೆಯುತ್ತಾನೆ. ಅದು ತಿರುಗುತ್ತಾ ಕೆಳಗೆ ಬರುವಷ್ಟರಲ್ಲಿ ತೆರೆಯ ಮೇಲೆ ಎಲುಬಿಲ್ಲ, ಆಕಾಶನೌಕೆ ಇದೆ. ಸುಮಾರು 40 ಲಕ್ಷ ವರ್ಷ ಒಂದೇ ಏಟಿಗೆ ದಾಟಿಹೋಯಿತು. ಆ ನೌಕೆ ಅಣುಬಾಂಬ್ ಹೊತ್ತ ಉಪಗ್ರಹ ಎನ್ನುವುದು ಮೊದಲಿನ ಯೋಜನೆ. ಸಿನಿಮಾ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಬೈಬಲ್ ಗೊತ್ತಿದ್ದವರಿಗೆ ಇದರಲ್ಲಿ ಹಳೆಯ ಕಥೆ ಕಾಣುತ್ತದೆ. ಮುಟ್ಟಬಾರದ್ದನ್ನು ಮುಟ್ಟಿ ಅರಿವು ಬಂತು, ಅದರ ಬೆನ್ನಿಗೇ ಆದಾಮ-ಹವ್ವರ ಮಗ ಕೇನ್ ತಮ್ಮನನ್ನು ಕೊಂದ. ಗ್ರೀಕರ ನೆನಪು ಹೆಸರಿನಲ್ಲೇ ಇದೆ. ಗ್ರೀಕರ ಮಹಾಕಾವ್ಯ ‘ಒಡಿಸ್ಸಿ’ಯ ನಾಯಕ ಒಡಿಸ್ಸಿಯಸ್ ಒಕ್ಕಣ್ಣಿನ ರಾಕ್ಷಸನನ್ನು ಗೆದ್ದವನು, ಬಿಲ್ಲಿಗೆ ಹೆದೆ ಏರಿಸಿದವನು. ಇಲ್ಲಿಯ ಗಗನಯಾತ್ರಿಯ ಹೆಸರು ಬೋಮನ್, ಅಂದರೆ ಬಿಲ್ಲುಗಾರ. ಅವನು ಗೆಲ್ಲಬೇಕಾದದ್ದು ಒಂದೇ ಕೆಂಪು ಕಣ್ಣಿನ ಕಂಪ್ಯೂಟರನ್ನು. ಕೊನೆಯಲ್ಲಿ ಬೆಳಕಿನ ಗೋಳದೊಳಗೆ ಒಂದು ಶಿಶು ತೇಲುತ್ತದೆ. ಪ್ರಳಯದ ನೀರಿನಲ್ಲಿ ಆಲದೆಲೆಯ ಮೇಲೆ ಮಲಗಿದ ಕೂಸು ನಮಗೆ ನೆನಪಾಗದೆ ಇರುತ್ತದಾ? ಕ್ಯೂಬ್ರಿಕ್ ನಮ್ಮ ಪುರಾಣ ನೋಡಿ ಮಾಡಿದ್ದು ಎಂದು ನಾನು ಹೇಳುತ್ತಿಲ್ಲ. ಲೋಕ ಮುಗಿದು ಮತ್ತೆ ಶುರುವಾಗುವುದನ್ನು ತೋರಿಸಲು ಕೂಸಿಗಿಂತ ಸರಳವಾದದ್ದು ಬೇರೆ ಏನಿದೆ?

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಆ ಕರಿಗಲ್ಲು. ಮೊದಲು ಪಾರದರ್ಶಕ ಚಪ್ಪಡಿಯೊಂದನ್ನು ಮಾಡಿಸಿ ನೋಡಿದ್ದರಂತೆ. ಸರಿ ಕಾಣಲಿಲ್ಲ, ಕಪ್ಪು ಮಾಡಿದರು. ಒಳಗೆ ಏನೂ ಕಾಣದಂತಾದ ಮೇಲೆಯೇ ಅದಕ್ಕೆ ಶಕ್ತಿ ಬಂತು. ಇದು ಅರ್ಥವಾಗಬೇಕಾದರೆ ಐಹೊಳೆಯ ಮೇಗುತಿ ಗುಡ್ಡ ಹತ್ತಬೇಕು. ಮೇಲಿನ ಜೈನ ಗುಡಿಯಲ್ಲಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೊಗಳುವ ಕಲ್ಲು ಅದು. ಭಾರತಯುದ್ಧವಾಗಿ 3735 ವರ್ಷ, ಶಕ 556 ಎಂದು ಎರಡು ಲೆಕ್ಕದಲ್ಲಿ ಕಾಲ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 634. ಅದೇ ಗುಡ್ಡದ ಮೇಲೆ, ಗುಡಿಯ ಹಿಂದೆ, ಅದಕ್ಕಿಂತ ಬಹಳ ಹಳೆಯ ಶಿಲಾಸಮಾಧಿಗಳಿವೆ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಚಪ್ಪಡಿ. ಅಕ್ಷರವಿಲ್ಲ, ಹೆಸರಿಲ್ಲ. ಅಕ್ಷರವಿರುವ ಕಲ್ಲಿನ ಮುಂದೆ ನಾನು ಓದುತ್ತಾ ನಿಲ್ಲುತ್ತೇನೆ. ಅಕ್ಷರವಿಲ್ಲದ ಕಲ್ಲಿನ ಮುಂದೆ ಸುಮ್ನೆ ನಿಲ್ಲುತ್ತೇನೆ.

ಇನ್ನು ಎಲುಬಿನ ವಿಷಯ. ಮನುಷ್ಯನ ಮೊದಲ ಉಪಕರಣ ಆಯುಧವೇ ಎಂಬ ಆ ನಂಬಿಕೆ ಸಿನಿಮಾದವರ ಕಲ್ಪನೆಯಲ್ಲ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕ ಪುಟ್ಟ ತಲೆಬುರುಡೆಯನ್ನು ನಮ್ಮ ಪೂರ್ವಜರ ಬಳಗದ್ದೆಂದು ಗುರುತಿಸಿದ ರೇಮಂಡ್ ಡಾರ್ಟ್, ಮುಂದೆ ಗುಹೆಗಳಲ್ಲಿ ಸಿಕ್ಕ ಮುರಿದ ಎಲುಬುಗಳನ್ನು ನೋಡಿ ಹಾಗೆ ವಾದಿಸಿದ್ದರು. ಅವರ ಪ್ರಕಾರ ಅವೆಲ್ಲ ಗದೆಗಳು, ಚೂರಿಗಳು. ಸಿ. ಕೆ. ಬ್ರೇನ್ ಎಂಬ ವಿಜ್ಞಾನಿ ಅಂಥ ಎಲುಬುಗಳನ್ನೇ ವರ್ಷಗಟ್ಟಲೆ ತಾಳ್ಮೆಯಿಂದ ಪರೀಕ್ಷಿಸಿದರು. ಸ್ವಾರ್ಟ್‌ಕ್ರಾನ್ಸ್ ಗುಹೆಯ ಒಂದು ಎಳೆಯ ತಲೆಬುರುಡೆಯಲ್ಲಿ ಎರಡು ತೂತುಗಳಿದ್ದವು. ಚಿರತೆಯ ಕೋರೆಹಲ್ಲುಗಳ ನಡುವಿನ ಅಂತರಕ್ಕೆ ಅವು ಸರಿಯಾಗಿ ಹೊಂದಿದವು. ಎಲುಬು ರಾಶಿ ಹಾಕಿದ್ದು ಹೆಚ್ಚಾಗಿ ಚಿರತೆ, ಕತ್ತೆಕಿರುಬಗಳು. ನಮ್ಮ ಹಿರಿಯರು ಅಲ್ಲಿ ಬೇಟೆಗಾರರಲ್ಲ, ಬೇಟೆಯಾದವರು. ಸಿನಿಮಾದ ಆ ಚಿರತೆಯೇ ಹೆಚ್ಚು ನಿಜ ಅನ್ನಬೇಕು!

ಅದೇ ಗುಹೆಯಲ್ಲಿ ತುದಿ ಸವೆದು ನುಣುಪಾದ ಎಲುಬಿನ ತುಂಡುಗಳೂ ಸಿಕ್ಕಿದ್ದವು. 10 ಲಕ್ಷ ವರ್ಷಕ್ಕಿಂತ ಹಳೆಯವು. ಅವುಗಳಿಂದ ಏನು ಮಾಡುತ್ತಿದ್ದರು? ಸಂಶೋಧಕರು ತಾವೇ ಎಲುಬು ಹಿಡಿದು ನೆಲ ಅಗೆದರು, ಹುತ್ತ ಕೆದಕಿದರು, ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಗೆದ್ದಲಿನ ಹುತ್ತ ಅಗೆದ ಗೀರು ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಈ ಫಲಿತಾಂಶ ಪ್ರಕಟವಾದ ವರ್ಷ, ನೋಡಿ, 2001. 1960ರಲ್ಲೇ ಪ್ರಾಣಿವಿಜ್ಞಾನಿ ಜೇನ್ ಗೂಡಾಲ್ ಇಂದಿನ ಟಾಂಜಾನಿಯಾದ ಗೊಂಬೆ ಎಂಬ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಹುಲ್ಲುಕಡ್ಡಿ ತೂರಿಸಿ ಗೆದ್ದಲು ತಿನ್ನುವುದನ್ನು ಕಂಡಿದ್ದರು. ನಾಗರ ಪಂಚಮಿಗೆ ನಮ್ಮವರು ಹಾಲು ಎರೆಯುವ ಹುತ್ತ, ಅಲ್ವಾ? ಉಪಕರಣದ ಕಥೆಯನ್ನು ಅಲ್ಲಿಂದಲೂ ಶುರು ಮಾಡಬಹುದಿತ್ತು.

ನಮ್ಮ ಬಾಗಲಕೋಟೆಯ ನೆಲದಲ್ಲೂ ಆ ಕಾಲದ ಗುರುತುಗಳಿವೆ. ಮಲಪ್ರಭೆಯ ಖ್ಯಾಡ, ಘಟಪ್ರಭೆಯ ಅನಗವಾಡಿಯಲ್ಲಿ ಆದಿಮಾನವರ ಕೈಗೊಡಲಿಗಳು ಸಿಕ್ಕಿವೆ. ಹಿಡಿಯಿಲ್ಲದ, ಅಂಗೈಯಲ್ಲಿ ಹಿಡಿಯುವ ಕಲ್ಲು. ಅತ್ತ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಅವನ್ನು ಕೆತ್ತುತ್ತಿದ್ದ ಜಾಗವೇ ಸಿಕ್ಕಿದೆ. ಪ್ರಾಣಿಗಳ ಹಲ್ಲಿನಿಂದ ಅಳೆದ ವಯಸ್ಸು ಸುಮಾರು 12 ಲಕ್ಷ ವರ್ಷ. ಮಾಂಸ ಕೊಯ್ಯಲು, ಎಲುಬು ಒಡೆಯಲು, ಕಟ್ಟಿಗೆ ಕೆರೆಯಲು ಇಂಥ ಕಲ್ಲು ಬೇಕಿತ್ತು. ಪರಶುರಾಮನ ಕಥೆ ಕಟ್ಟಿದವರಿಗೆ ಇದಾವುದೂ ಗೊತ್ತಿರಲಿಲ್ಲ. ಆದರೂ ಅದೇ ಹೊಳೆಯ ದಂಡೆಗೆ ಅವರು ಒಂದು ಕೊಡಲಿಯನ್ನು ತಂದಿಟ್ಟರು.

ಹಾಗಾಗಿ ಆ ಸಿನಿಮಾವನ್ನು ನಾನು ವಿಜ್ಞಾನವೆಂದು ನೋಡುವುದಿಲ್ಲ, ಪುರಾಣವೆಂದು ನೋಡುತ್ತೇನೆ. ಪುರಾಣವಾಗಿ ಅದು ದೊಡ್ಡದು. ನಮ್ಮ ಕಥೆಯಲ್ಲಿರುವ ಒಂದು ಗಳಿಗೆ ಮಾತ್ರ ಅದರಲ್ಲಿಲ್ಲ. ಎಲುಬು ಎಸೆಯುವ ದೃಶ್ಯ ಬಂದಾಗಲೆಲ್ಲ ನನಗೆ ಆಯಿಯ ದನಿ ಕೇಳುತ್ತದೆ. ಕೊಂದವನು ನಿಂತಿರುವುದು ಹೊಂಡದ ಅಂಚಿನಲ್ಲೇ. ನೀರು ಎರಡು ಹೆಜ್ಜೆ ದೂರದಲ್ಲಿದೆ. ಅವನು ಮೇಲೆ ನೋಡುತ್ತಿದ್ದಾನೆ.